ಅಟ್ಟದಿಂದಿಳಿದ ರಾಟೆ

ತಮ್ಮ ಮನೆಯ ಅಟ್ಟದ ಮೇಲೆ ಏನಿದೆಯೆಂದು ತಾವು ಈಚೆಗೆ ಹತ್ತಿ ನೋಡಿದ್ದುಂಟೆ? ಹಳೆಯ ಮನೆಯಾದರೆ ಅಲ್ಲೊಂದು ಕಡೆಗೋಲೋ, ಶಾವಿಗೆ ಒತ್ತುವ ಮಣೆಯೋ, ಹಿಡಿ ಸಡಿಲವಾದ ಉಳಿಯೋ ಸಿಕ್ಕೀತು. ಸಲಕರಣೆಯನ್ನು ಎಸೆಯಲು ನಮಗೆ ಮನಸ್ಸು ಬರುವುದಿಲ್ಲ. ಆದರೆ ಅದನ್ನು ಆಡಿಸುತ್ತಿದ್ದ ಕೈಗಳ ಜೊತೆಗೆ ಆ ವಿದ್ಯೆಯೂ ಹೋಯಿತಲ್ಲಾ ಎಂದು ನೆನೆಯುವವರು ವಿರಳ. ನೂರು ವರ್ಷಗಳಿಗೂ ಹಿಂದೆ ಗುಜರಾತಿನಲ್ಲಿ ಹೀಗೆ ಅಟ್ಟ ಸೇರಿದ್ದ ಒಂದು ಕೈವಿದ್ಯೆ ಮತ್ತೆ ಕೆಳಗಿಳಿದು ಬಂದ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನೂಲುವುದು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಇಂಗ್ಲೆಂಡಿನ ಯಂತ್ರದ ನೂಲು, ಆಮೇಲೆ ನಮ್ಮವೇ ಗಿರಣಿಗಳ ನೂಲು ಅಗ್ಗವಾಗಿ ಬಂದು ಪೇಟೆಯನ್ನು ತುಂಬಿತು. ನೇಕಾರ ಗಿರಣಿಯ ನೂಲನ್ನೇ ಮಗ್ಗಕ್ಕೇರಿಸಿ ಹೇಗೋ ಬದುಕಿಕೊಂಡ. ನೂಲುವವಳಿಗೆ ಆ ದಾರಿಯೂ ಇರಲಿಲ್ಲ. ಹಾಗಾಗಿ ಮಗ್ಗಕ್ಕಿಂತ ಮೊದಲೇ ರಾಟೆ ನಿಂತುಹೋಯಿತು.

ಗಾಂಧೀಜಿಯವರು 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದರು. ಆ ಹೊತ್ತಿಗೆ ತಾವು ಮಗ್ಗವನ್ನಾಗಲಿ ರಾಟೆಯನ್ನಾಗಲಿ ಕಂಡ ನೆನಪಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1915ರಲ್ಲಿ ಅಹಮದಾಬಾದಿನಲ್ಲಿ ಆಶ್ರಮ ಹೂಡಿ ಮಗ್ಗ ತರಿಸಿದಾಗ ತೊಡಕು ಕಾಣಿಸಿತು. ಅಲ್ಲಿದ್ದವರೆಲ್ಲ ಓದುಬರಹದವರು ಇಲ್ಲವೇ ವ್ಯಾಪಾರದವರು. ಕಸುಬು ಬಲ್ಲವರು ಒಬ್ಬರೂ ಇಲ್ಲ. ಪಾಲನಪುರದಿಂದ ಒಬ್ಬ ನೇಕಾರನನ್ನು ಕರೆಸಿದರೆ, ಆತ ತನ್ನ ವಿದ್ಯೆಯನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಯಂತ್ರದ ಕೆಲಸದಲ್ಲಿ ಹುಟ್ಟುಜಾಣರಾದ ಮಗನಲಾಲ್ ಗಾಂಧಿಯವರು ಛಲ ಹಿಡಿದು ನೇಯ್ಗೆಯನ್ನು ಕೈವಶ ಮಾಡಿಕೊಂಡರು. ಆದರೂ ನೂಲಿಗಾಗಿ ಗಿರಣಿಗಳ ಬಾಗಿಲಲ್ಲೇ ನಿಲ್ಲಬೇಕಾಯಿತು. ನಾವೇ ನೂಲದ ಹೊರತು ಈ ಹಂಗು ತಪ್ಪದೆಂದು ತೋರಿತು.

ಆದರೆ ಕಲಿಸುವವರು ಯಾರು? 1917ರಲ್ಲಿ ಭಡೋಚಿನ ಶಿಕ್ಷಣ ಸಮ್ಮೇಳನಕ್ಕೆ ಹೋದಾಗ ಗಾಂಧೀಜಿಗೆ ಗಂಗಾಬೆನ್ ಮಜುಮ್‌ದಾರ್ ಎಂಬ ವಿಧವೆಯ ಪರಿಚಯವಾಯಿತು. ಹೆಚ್ಚು ಓದಿದವರಲ್ಲ, ಆದರೆ ಧೈರ್ಯವಂತೆ. ಕುದುರೆಯೇರಿ ಒಬ್ಬರೇ ಊರೂರು ತಿರುಗಬಲ್ಲವರು. ರಾಟೆಯನ್ನು ಹುಡುಕಿಕೊಡುವ ಹೊಣೆಯನ್ನು ಅವರು ಹೊತ್ತರು. ಗುಜರಾತನ್ನೆಲ್ಲ ಅಲೆದು, ಕೊನೆಗೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅದನ್ನು ಕಂಡರು. ಎಲ್ಲಿ ಗೊತ್ತೆ? ಹಲವು ಮನೆಗಳ ಅಟ್ಟದ ಮೇಲೆ! ಹಂಜಿ ಒದಗಿಸಿ, ನೂತ ನೂಲನ್ನು ಕೊಳ್ಳುವವರಿದ್ದರೆ ಮತ್ತೆ ನೂಲುತ್ತೇವೆಂದು ಆ ಮನೆಯವರು ಹೇಳಿದರು.

ಕಥೆಯ ತಿರುಳು ಈ ಷರತ್ತಿನಲ್ಲಿದೆ. ರಾಟೆ ಸಿಕ್ಕಿದ ಮಾತ್ರಕ್ಕೆ ನೂಲು ಹುಟ್ಟದು. ನೂಲಿಗೆ ಹಂಜಿ ಬೇಕು. ಹಂಜಿಗೆ ಅರಳೆಯನ್ನು ಹದವಾಗಿ ಹಿಂಜುವ ಪಿಂಜಾರ ಬೇಕು. ಎಲ್ಲಕ್ಕೂ ಕೊಳ್ಳುವವನು ಬೇಕು. ಮೊದಲು ಗಿರಣಿ ಮಾಲೀಕರಾದ ಉಮರ್ ಸೋಬಾನಿಯವರು ತಮ್ಮ ಗಿರಣಿಯ ಹಂಜಿಯನ್ನೇ ಕೊಟ್ಟರು. ಹಂಜಿ ಗಿರಣಿಯದಾದರೆ ನೂಲೂ ಗಿರಣಿಯದೇ ಏಕಾಗಬಾರದು ಎಂಬ ಅಳುಕು ಗಾಂಧೀಜಿಗೆ ಹತ್ತಿತು. ಗಂಗಾಬೆನ್ ತಿಂಗಳಿಗೆ 35 ರೂಪಾಯಿ ಕೇಳಿದ ಪಿಂಜಾರನೊಬ್ಬನನ್ನು ಗೊತ್ತುಮಾಡಿ, ಕೆಲವು ಹುಡುಗರಿಗೆ ಹಂಜಿ ಕಟ್ಟುವುದನ್ನು ಕಲಿಸಿದರು. ಇತ್ತ ಮಗನಲಾಲರು ರಾಟೆಯನ್ನು ಸುಧಾರಿಸಿ ಆಶ್ರಮದಲ್ಲೇ ಮಾಡಿಸತೊಡಗಿದರು.

ನೂಲುವುದನ್ನು ಕಂಡವರು ಬಲ್ಲರು: ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಹಿಂದಕ್ಕೆಳೆಯುತ್ತದೆ. ಬೇಗ ಎಳೆದರೆ ಎಳೆ ಹರಿಯುತ್ತದೆ, ತಡೆದರೆ ಗಂಟಾಗುತ್ತದೆ. ಆ ಹದವನ್ನು ಬೆರಳೇ ಕಲಿಯಬೇಕು. ಕಲಿಕೆಯ ಕಾಲದ ಬೆಲೆಯೂ ಸಣ್ಣದಲ್ಲ. ಆಶ್ರಮದ ಮೊದಲ ಖಾದಿಗೆ ಗಜಕ್ಕೆ 17 ಆಣೆ ಬಿತ್ತು. ಪಂಚೆಯ ಅಗಲ 30 ಅಂಗುಲ ಮಾತ್ರ. ತಿಂಗಳೊಳಗೆ 45 ಅಂಗುಲದ ಪಂಚೆ ಬಾರದಿದ್ದರೆ ತುಂಡು ಪಂಚೆಯನ್ನೇ ಉಡುವೆನೆಂದು ಗಾಂಧೀಜಿ ಗಂಗಾಬೆನ್ನರಿಗೆ ಎಚ್ಚರಿಕೆ ಕೊಟ್ಟರು. ಗಡುವಿಗೆ ಮೊದಲೇ ಜೋಡಿ ಪಂಚೆ ಬಂತು.

ಮುಂದಿನದು ತಾವು ಬಲ್ಲ ಇತಿಹಾಸ. 1921ರಲ್ಲಿ ಕಾಂಗ್ರೆಸ್ಸು ದೇಶದಲ್ಲಿ 20 ಲಕ್ಷ ರಾಟೆಗಳನ್ನು ನಡೆಸುವ ಸಂಕಲ್ಪ ಮಾಡಿತು. 1925ರಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ನಮ್ಮ ನಾಡಿನಲ್ಲೂ ಧಾರವಾಡದ ಬಳಿಯ ಗರಗ, ಹುಬ್ಬಳ್ಳಿಯ ಬೆಂಗೇರಿಗಳಲ್ಲಿ ನೂಲುವ, ನೇಯುವ ಕೈಗಳು ರಾಷ್ಟ್ರಧ್ವಜದ ಖಾದಿಯನ್ನು ಸಿದ್ಧಪಡಿಸುತ್ತ ಬಂದಿವೆ.

ವಿಜಾಪುರದ ಹೆಂಗಸರು ಇನ್ನೊಂದು ತಲೆಮಾರು ಕಳೆದು ಸಿಕ್ಕಿದ್ದರೆ? ರಾಟೆ ಇರುತ್ತಿತ್ತು, ಹದ ಬಲ್ಲ ಬೆರಳು ಇರುತ್ತಿರಲಿಲ್ಲ. ಒಂದು ಕಾಲಕ್ಕೆ ಹಾಸಿಗೆ ಹಿಂಜಲು ನಮ್ಮ ಬೀದಿಗೆ ಬರುತ್ತಿದ್ದ ಪಿಂಜಾರನ ಬಿಲ್ಲಿನ ನಾದ ಇಂದು ಎಷ್ಟು ಮಕ್ಕಳಿಗೆ ಗೊತ್ತು? ತಮ್ಮ ಮನೆಯಲ್ಲಿ ಬುಟ್ಟಿ ಹೆಣೆಯಲು, ಕೌದಿ ಹೊಲಿಯಲು, ಗಿಡಕ್ಕೆ ಕಸಿ ಕಟ್ಟಲು ಬಲ್ಲ ಅಜ್ಜಿಯೋ ತಾತನೋ ಇದ್ದರೆ, ರೇಡಿಯೋವನ್ನು ಅರ್ಧ ಗಂಟೆ ನಿಲ್ಲಿಸಿ ಮಕ್ಕಳೊಡನೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಲಯದವರು ಬೇಸರಪಟ್ಟುಕೊಳ್ಳಲಾರರು.