ಬಿಲ್ ಇದ್ದರೆ ಹೋಟೆಲ್‌ಗೆ ನಮ್ಮದೇ ವೈನ್ ಒಯ್ದು ಕುಡಿಯಬಹುದೇ?

“ವಿದೇಶದಲ್ಲಿ ಊಟಕ್ಕೆ ಹೋಗುವವರು ತಮ್ಮದೇ ವೈನ್ ಒಯ್ಯುತ್ತಾರೆ, ಬಿಲ್ ಇದ್ದರೆ ಇಲ್ಲೂ ತಪ್ಪಿಲ್ಲ” ಎಂದು ನಂಬುವವರಿದ್ದಾರೆ. ಇದು ಎಷ್ಟು ನಿಜ? ನೋಡೋಣ.

ಮೊದಲ ಮಾತು ನಿಜ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹಲವು ರೆಸ್ಟೋರೆಂಟ್‌ಗಳು ಇದಕ್ಕೆ ಒಪ್ಪುತ್ತವೆ. ಬಾಟಲಿ ತೆರೆದು ಗ್ಲಾಸ್ ಕೊಡುವುದಕ್ಕೆ ‘ಕಾರ್ಕೇಜ್’ ಎಂಬ ಶುಲ್ಕ ಪಡೆಯುತ್ತವೆ. ಆದರೆ ಅಲ್ಲೂ ರೆಸ್ಟೋರೆಂಟ್‌ಗೆ ಪರವಾನಗಿ ಬೇಕು.

ಎರಡನೆಯದು ತಪ್ಪು. ವೈನ್ ಬರೀ ದ್ರಾಕ್ಷಿ ರಸವಲ್ಲ, ಅದರಲ್ಲಿ ಸಾಮಾನ್ಯವಾಗಿ ಶೇ. 12ರಷ್ಟು ಆಲ್ಕೋಹಾಲ್ ಇರುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರವೂ ಅದು ಮದ್ಯವೇ. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಕುಡಿಯುವುದನ್ನು ಕಾಯ್ದೆಯ 15ಎ ಕಲಂ ನಿಷೇಧಿಸುತ್ತದೆ. ಬಿಲ್ ಹೇಳುವುದು ಬಾಟಲಿ ಎಲ್ಲಿ ಕೊಂಡದ್ದು ಎಂದಷ್ಟೇ, ಎಲ್ಲಿ ಕುಡಿಯಬಹುದು ಎಂದಲ್ಲ. ಸಿಎಲ್-2 ಪರವಾನಗಿಯ ‘ವೈನ್ಸ್’ ಅಂಗಡಿಯಲ್ಲಿ ಪಾರ್ಸಲ್ ಮಾತ್ರ. ಕೂತು ಕುಡಿಯಲು ಸಿಎಲ್-9 ಪರವಾನಗಿಯ ಬಾರ್‌ನಂಥ ಜಾಗವೇ ಬೇಕು.

ಹಾಗಾಗಿ ಶಿಕಾರಿಪುರ, ಸೊರಬದ ಖಾನಾವಳಿಯಲ್ಲೋ ಡಾಬಾದಲ್ಲೋ “ಅಣ್ಣಾ, ಒಂದೇ ಗ್ಲಾಸ್” ಎಂದು ಬಾಟಲಿ ತೆರೆದರೆ, ಕುಡಿದವರ ಮೇಲಷ್ಟೇ ಅಲ್ಲ, ಜಾಗ ಕೊಟ್ಟ ಮಾಲೀಕರ ಮೇಲೂ ಕೇಸ್ ಬೀಳಬಹುದು. ಅವರು ಬೇಡ ಎಂದರೆ ಬೇಸರ ಬೇಡ. ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವುದೂ ಬೇಡ.