ಸ್ವಂತ ವಿಚಾರಣೆಯೋ, ಪರ ವಿಚಾರಣೆಯೋ? — ಒಂದು ಚಾರಿತ್ರಿಕ ಅವಲೋಕನ

ಭಾನುವಾರ ಮುಂಜಾನೆ ನಮ್ಮ ದೇವಾಲಯದ ಗಂಟೆ ಮೊಳಗುತ್ತಿರುವಾಗಲೇ, ಅದರ ಮುಂದಿನ ರಸ್ತೆಯಲ್ಲಿ ಹಾದು ಮತ್ತೊಂದು ದೇವಾಲಯದ ಪೂಜೆಗೆ ತೆರಳುವ ಕುಟುಂಬಗಳುಂಟು. ಅಂತೆಯೇ ಪರ ವಿಚಾರಣೆಗಳಿಂದ ನಮ್ಮಲ್ಲಿಗೆ ಬರುವವರೂ ಉಂಟು. ಭಾಷೆ, ಪ್ರಬೋಧನೆ, ಗಾಯನ, ಪೂಜೆಯ ವೇಳೆ, ತವರಿನ ನಂಟು ಹೀಗೆ ಕಾರಣಗಳು ಹಲವು. ಇದು ತಪ್ಪೇ, ಒಪ್ಪೇ ಎಂದು ಹಿರಿಯರು ಕೇಳುವುದುಂಟು. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಧರ್ಮಸಭೆಯ ಇತಿಹಾಸ ಈ ವಿಷಯದಲ್ಲಿ ಏನನ್ನು ತಿಳಿಸುತ್ತದೆಂದು ನೋಡುವುದು ಉಚಿತವೆಂದು ಭಾವಿಸುತ್ತೇವೆ.

ಜಗದ್ಗುರು ಮೂರನೆಯ ಇನ್ನೋಸೆಂಟರು 1215ರಲ್ಲಿ ಕರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ 'ತನ್ನ ಸ್ವಂತ ಗುರುವಿನ' ಬಳಿ ಪಾಪನಿವೇದನೆ ಮಾಡಿ, ಪಾಸ್ಕ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ಬೇರೆ ಗುರುವಿನ ಬಳಿಗೆ ಹೋಗಲು ಸ್ವಂತ ಗುರುವಿನ ಅನುಮತಿ ಬೇಕಿತ್ತು. ಆದರೆ ಅದೇ ಶತಮಾನದಲ್ಲಿ ಸಂತ ಫ್ರಾನ್ಸಿಸರ ಹಾಗೂ ಸಂತ ದೊಮಿನಿಕರ ಸಭೆಗಳವರ ಪ್ರಬೋಧನೆಗೆ ಮನಸೋತ ಜನರು ಅವರ ದೇವಾಲಯಗಳತ್ತ ನಡೆದರು. ಅಲ್ಲಿಯೇ ಸಮಾಧಿಯನ್ನೂ ಬಯಸಿದರು. ವಿಚಾರಣಾ ಗುರುಗಳು ಅಸಮಾಧಾನಗೊಂಡರು. ಕಡೆಗೆ 1300ರಲ್ಲಿ ಜಗದ್ಗುರು ಎಂಟನೆಯ ಬೊನಿಫಾಸರು, ಹೀಗೆ ಸಮಾಧಿ ಮಾಡಿದಾಗ ಬರುವ ಕಾಣಿಕೆಯ ನಾಲ್ಕನೆಯ ಒಂದು ಪಾಲು ಮೃತರ ವಿಚಾರಣಾ ಗುರುವಿಗೆ ಸಲ್ಲಬೇಕೆಂದು ನಿಯಮಿಸಿದರು. ನಮ್ಮ ಇಂದಿನ ಪ್ರಶ್ನೆ ಎಷ್ಟು ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ.

ಟ್ರೆಂಟ್ ಮಹಾಸಭೆಯು 1563ರಲ್ಲಿ, ಗಡಿಯಿಲ್ಲದ ವಿಚಾರಣೆಗಳಿಗೆ ಗಡಿ ಗುರುತಿಸಿ, ಪ್ರತಿಯೊಂದಕ್ಕೂ ಖಾಯಂ ಗುರುವನ್ನು ನೇಮಿಸುವಂತೆ ಧರ್ಮಾಧ್ಯಕ್ಷರಿಗೆ ಆದೇಶಿಸಿತು. ಗುರುವು ತನ್ನ ಜನರನ್ನು ಅರಿತಿರಬೇಕೆಂಬುದೇ ಅದು ಕೊಟ್ಟ ಕಾರಣ. ಜ್ಞಾನಸ್ನಾನದ ಹಾಗೂ ವಿವಾಹದ ದಾಖಲೆಗಳನ್ನು ಪುಸ್ತಕದಲ್ಲಿ ಬರೆದಿಡುವ ಕಟ್ಟಳೆಯನ್ನೂ ಅದೇ ವಿಧಿಸಿತು. ಗಡಿಯೆಂಬುದು ಜನರನ್ನು ಕಟ್ಟಿಹಾಕಲೆಂದಲ್ಲ, ಕುರುಬನು ಕುರಿಗಳನ್ನು ಹೆಸರು ಹಿಡಿದು ಕರೆಯುವಂತಾಗಲೆಂದು ಏರ್ಪಟ್ಟಿತು.

ಗಡಿ ಕದಡಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ. ಮುಂಬಯಿಯಲ್ಲಿ 1794ರಿಂದ ಪೋರ್ಚುಗೀಸರ ಪದ್ರುವಾದೊ ಅಧಿಕಾರಕ್ಕೆ ಸೇರಿದ ದೇವಾಲಯಗಳೂ, ರೋಮಿನ ಪ್ರೊಪಗಾಂದಾ ಸಂಸ್ಥೆಗೆ ಸೇರಿದ ದೇವಾಲಯಗಳೂ ಒಂದೇ ನಗರದಲ್ಲಿದ್ದವು. ಒಂದೇ ಬೀದಿಯ ನೆರೆಹೊರೆಯವರು ಬೇರೆ ಬೇರೆ ಧರ್ಮಾಧ್ಯಕ್ಷರಿಗೆ ಅಧೀನರು! ಈ ದ್ವಂದ್ವವು 1928ರ ಒಪ್ಪಂದದಿಂದಷ್ಟೇ ಕೊನೆಗೊಂಡಿತು. ನಮ್ಮ ಕೆನರಾ ಸೀಮೆಯಲ್ಲಿಯೂ 1838ರ ತರುವಾಯ ಗೋವೆಯ ಕಡೆಯವರು, ರೋಮಿನ ವಿಕಾರಿಗಳ ಕಡೆಯವರು ಎಂಬ ಭೇದ ತಲೆದೋರಿತು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೂ ಅಸಮಾಧಾನ ಆರದೆ, ಬ್ರಹ್ಮಾವರದ ಕಡೆಯ ಕೆಲವು ಕುಟುಂಬಗಳು ಕಥೋಲಿಕ ಧರ್ಮಸಭೆಯಿಂದಲೇ ಅಗಲಿ ಆರ್ಥಡಾಕ್ಸ್ ಸಭೆಯನ್ನು ಸೇರಿದವು. ಯಾವ ದೇವಾಲಯಕ್ಕೆ ಹೋಗಬೇಕೆಂಬ ಜಗಳ ಬಂಧುಗಳನ್ನೇ ಬೇರ್ಪಡಿಸಿತು.

ಇಂದಿನ ಕಾನೂನು ಉದಾರವಾಗಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ, ಭಾನುವಾರದ ಬಲಿಪೂಜೆಯ ಕರ್ತವ್ಯವನ್ನು ಕಥೋಲಿಕ ವಿಧಿಯ ಪೂಜೆ ಎಲ್ಲಿ ನಡೆದರೂ ಪೂರೈಸಬಹುದು. ವಿಚಾರಣೆಯು ಸಾಮಾನ್ಯವಾಗಿ ಪ್ರದೇಶವನ್ನು ಅನುಸರಿಸಿದರೂ, ವಿಧಿ, ಭಾಷೆ ಅಥವಾ ಜನಾಂಗವನ್ನು ಅನುಸರಿಸಿಯೂ ಸ್ಥಾಪಿತವಾಗಬಹುದು. ಪೂರ್ವ ವಿಧಿಯ ಸೀರೋ-ಮಲಬಾರ್ ಬಂಧುಗಳಿಗೆ 1999ರಲ್ಲಿ ಬೆಳ್ತಂಗಡಿ, 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯಗಳು ದೊರೆತವು. ಅಂಥವರು ನಮ್ಮ ಬಾಗಿಲನ್ನು ದಾಟಿ ಮುಂದೆ ಹೋದರೆ, ಅದು ಸ್ವಂತ ವಿಚಾರಣೆಗೆ ಹೋಗುವುದೇ ಹೊರತು ಬೇರೆಯಲ್ಲ.

ಆದರೆ ಜ್ಞಾನಸ್ನಾನ, ವಿವಾಹ, ಅಂತ್ಯಕ್ರಿಯೆಗಳ ವಿಷಯದಲ್ಲಿ ಸಂಹಿತೆಯು ಇಂದಿಗೂ ಸ್ವಂತ ವಿಚಾರಣೆಯನ್ನೇ ಮೊದಲು ನೆನೆಯುತ್ತದೆ. ಅಂತ್ಯಕ್ರಿಯೆಗೆ ಬೇರೆ ದೇವಾಲಯವನ್ನು ಆರಿಸಿಕೊಳ್ಳಬಹುದು. ಅಲ್ಲಿನ ಗುರುವಿನ ಸಮ್ಮತಿಯಿರಬೇಕು, ಸ್ವಂತ ವಿಚಾರಣಾ ಗುರುವಿಗೆ ತಿಳಿಸಿರಬೇಕು.

ಪರ ವಿಚಾರಣೆಗೆ ಹೋಗುವವರನ್ನು ನಾವು ದೂಷಿಸುವುದಿಲ್ಲ. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಹಂಬಲ ಸಹಜವಾದುದು; ನಮ್ಮಲ್ಲಿ ಕೊರತೆಗಳಿದ್ದರೆ ತಿದ್ದಿಕೊಳ್ಳುವುದು ನಮ್ಮ ಹೊಣೆ. ಆದರೆ ಎರಡು ದೇವಾಲಯಗಳ ನಡುವೆ ಯಾವುದಕ್ಕೂ ಸೇರದೆ ಉಳಿಯುವುದರಲ್ಲಿ ಅಪಾಯವಿದೆ. ನಡುರಾತ್ರಿ ಮನೆಯ ಹಿರಿಯರಿಗೆ ವ್ಯಾಧಿಸ್ಥರ ಅಭ್ಯಂಗ ಬೇಕಾದಾಗ, ದೂರದ ಗುರುಗಳು ಬರಲಾಗದಿರಬಹುದು, ಸಮೀಪದ ಗುರುಗಳಿಗೆ ಆ ಮನೆಯ ಗುರುತೇ ಇಲ್ಲದಿರಬಹುದು. ಆದಕಾರಣ ಎಲ್ಲಿ ಪೂಜೆ ಕಂಡರೂ ಇಬ್ಬರೂ ಗುರುಗಳಿಗೆ ತಿಳಿಸಿರಿ. ಕುಟುಂಬದ ಹೆಸರು ಸ್ವಂತ ವಿಚಾರಣೆಯ ಪುಸ್ತಕದಲ್ಲಿರಲಿ. ನೆರೆಮನೆಯ ಕಥೋಲಿಕರ ಪರಿಚಯವಿರಲಿ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದ್ದು ಸುತ್ತಲಿನ ಎಲ್ಲ ಮನೆಗಳಿಗಾಗಿ. ಹೊರಗೆ ಹೋಗುವವರಿಗೂ, ಹೊರಗಿನಿಂದ ಬರುವವರಿಗೂ ಇದರ ಬಾಗಿಲು ತೆರೆದಿರಲೆಂದು ಒಳ್ಳೆಯ ಕುರುಬರಾದ ಪ್ರಭು ಯೇಸುವನ್ನು ಬೇಡಿಕೊಳ್ಳುತ್ತೇವೆ.