ಆಮ್ಲಜನಕವಿಲ್ಲದ ಆಮ್ಲ

ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಹೋಗುವವರಿಗೆ ವೃಷಭಾವತಿಯ ಪರಿಚಯ ಮೊದಲು ಮೂಗಿಗೇ ಆಗುತ್ತದೆ. ಕೊಳೆತ ಮೊಟ್ಟೆಯಂಥ ಆ ನಾತಕ್ಕೆ ಮುಖ್ಯ ಕಾರಣ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಅದರ ಸೂತ್ರ ಎಚ್₂ಎಸ್; ಎಂದರೆ, ಒಂದು ಅಣುವಿನಲ್ಲಿ ಜಲಜನಕದ ಎರಡು ಪರಮಾಣು, ಗಂಧಕದ ಒಂದು.

ಹಿಂದೆ ವಸ್ತುಗಳಿಗೆ ಬಣ್ಣ, ವಾಸನೆ, ದೊರೆತ ಊರು ಇವುಗಳಿಂದ ಹೆಸರು ಬೀಳುತ್ತಿತ್ತು. 1787ರಲ್ಲಿ ಪ್ಯಾರಿಸ್ಸಿನ ಲವಾಸಿಯೆ ಮತ್ತು ಅವನ ಮೂವರು ಸಂಗಡಿಗರು ಹೊಸ ಪದ್ಧತಿ ತಂದರು. ಒಂದು ವಸ್ತುವಿನಲ್ಲಿ ಏನೇನಿದೆಯೆಂದು ಅದರ ಹೆಸರೇ ಹೇಳಬೇಕು ಎಂಬುದು ಅವರ ನಿಯಮ. ಗ್ರೀಕ್ ಪದಗಳಿಂದ ಕಟ್ಟಿದ ಹೈಡ್ರೋಜನ್ ಎಂದರೆ ನೀರನ್ನು ಹುಟ್ಟಿಸುವುದು, ಆಕ್ಸಿಜನ್ ಎಂದರೆ ಆಮ್ಲವನ್ನು ಹುಟ್ಟಿಸುವುದು. ಆ ಅರ್ಥವನ್ನೇ ಹಿಡಿದು ಬಂದವು ನಮ್ಮ ಜಲಜನಕ, ಆಮ್ಲಜನಕ.

1813ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಮೂಲವಸ್ತುಗಳಿಗೆ ಲ್ಯಾಟಿನ್ ಹೆಸರಿನ ಮೊದಲಕ್ಷರಗಳನ್ನು ಸಂಕೇತವಾಗಿ ಕೊಟ್ಟ. ಪರಮಾಣುಗಳ ಲೆಕ್ಕಕ್ಕೆ ಪಕ್ಕದಲ್ಲಿ ಅಂಕಿ ಬಂತು. ಹೆಸರಿನಲ್ಲಿ ಆ ಕೆಲಸವನ್ನು 'ಮಾನೊ', 'ಡೈ' ಎಂಬ ಗ್ರೀಕ್ ಸಂಖ್ಯಾಪದಗಳು ಮಾಡುತ್ತವೆ. ಸೋಡದಲ್ಲಿ ಗುಳ್ಳೆ ಎಬ್ಬಿಸುವ ಇಂಗಾಲದ ಡೈಆಕ್ಸೈಡ್ ಸಿಓ₂. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಜೀವ ತೆಗೆಯುವ ಇಂಗಾಲದ ಮಾನಾಕ್ಸೈಡ್ ಸಿಓ. ವ್ಯತ್ಯಾಸ ಒಂದೇ ಪರಮಾಣು!

ಈ ವಿದ್ಯೆಗೆ ಕನ್ನಡದ ಮಾತು ಹುಡುಕಿದವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ಪ್ರಮುಖರು. ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಅವರು 1918ರಲ್ಲಿ 'ವಿಜ್ಞಾನ' ಪತ್ರಿಕೆ ಆರಂಭಿಸಿದರು. ಕನ್ನಡದಲ್ಲಿ ಹೆಸರುಗಳು ನೆಲೆಯೂರಿದವು. ಸಂಕೇತಗಳು ಮಾತ್ರ ಲೋಕಕ್ಕೆಲ್ಲ ಒಂದೇ ಆಗಿ ಉಳಿದವು. ಹಾಗಾಗಿಯೇ ನಮ್ಮ ಮಕ್ಕಳು ಜಲಜನಕ ಎಂದು ಓದಿ 'ಎಚ್' ಎಂದು ಬರೆಯುತ್ತಾರೆ.

ಆದರೆ ಹೆಸರಿನೊಡನೆ ಒಂದು ತಪ್ಪೂ ಬಂತು. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲವೆಂದು ಲವಾಸಿಯೆ ನಂಬಿದ್ದ. ಅದು ಸರಿಯಲ್ಲವೆಂದು 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿದ. ವೃಷಭಾವತಿಯ ಅನಿಲವೂ ಅದಕ್ಕೆ ಸಾಕ್ಷಿ. ನೀರಿನಲ್ಲಿ ಕರಗಿದರೆ ಅದು ದುರ್ಬಲ ಆಮ್ಲ. ಸೂತ್ರದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಕೊಳಚೆಯಲ್ಲಿ ಆಮ್ಲಜನಕ ಮುಗಿದ ಮೇಲೆ, ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳೇ ಅದನ್ನು ಉಂಟುಮಾಡುತ್ತವೆ.

ವಾಸನೆಯನ್ನು ನಂಬಿದರೆ ಸಾಲದು ಎಂಬುದಕ್ಕೂ ಈ ಅನಿಲವೇ ಪಾಠ. ಅದು ದಟ್ಟವಾದಾಗ ಮೂಗು ಮರಗಟ್ಟಿ ನಾತವೇ ತಿಳಿಯುವುದಿಲ್ಲ. ಮ್ಯಾನ್‌ಹೋಲಿಗೆ ಇಳಿದವರು ಎಚ್ಚರವಿಲ್ಲದೆ ಕುಸಿಯುವುದು ಹೀಗೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಶಾಲೆಯಲ್ಲಿ ಉರು ಹೊಡೆದು ಮರೆತ ಎಚ್₂ಎಸ್ ಅಲ್ಲಿ ಬದುಕು ಸಾವಿನ ಮಾತು.